ಕೈಲಿ ಫೋನ್ ಇದ್ರೆ ಕೆಲಸ ಸಿಗತ್ತಾ? ಹೆಂಗಸರ ದುಡಿಮೆಗೆ ಡಿಜಿಟಲ್ ತಂತ್ರಜ್ಞಾನ ಏನು ಮಾಡ್ತಿದೆ

ಮೊನ್ನೆ ರಾತ್ರಿ ಹತ್ತೂವರೆಗೆ ಗೆಳತಿ ಫೋನ್ ಮಾಡಿದ್ಲು. ಮುಂದಿನ ತಿಂಗಳಿಂದ ವಾರಕ್ಕೆ ನಾಲ್ಕು ದಿನ ಆಫೀಸಿಗೆ ಬರ್ಲೇಬೇಕು ಅಂತ ಮೇಲ್ ಬಂದಿದೆಯಂತೆ. ಮನೆ ಕೆಂಗೇರಿ, ಆಫೀಸ್ ವೈಟ್‌ಫೀಲ್ಡ್, ಮೆಟ್ರೋ ಇದ್ರೂ ಹೋಗ್ತಾ ಬರ್ತಾ ಮೂರು ಗಂಟೆ, ಮಗೂಗೆ ಎರಡು ವರ್ಷ, ಅತ್ತೆಗೆ ಮಂಡಿ ನೋವು. "ಬಿಟ್ಬಿಡ್ತೀನೇನೋ ಕಣೇ" ಅಂದ್ಲು. ಅದೇ ವಾರ ಊರಿಂದ ಚಿಕ್ಕಮ್ಮ ಬಂದಿದ್ರು, ಅವರು ಅಂಗನವಾಡಿ ಟೀಚರ್, ಅವರದ್ದು ಬೇರೆ ಗೋಳು: "ಮಕ್ಕಳ ಮುಖಕ್ಕಿಂತ ಫೋನ್ ಮುಖ ನೋಡೋದೇ ಜಾಸ್ತಿ ಆಗಿದೆ ಕಣಮ್ಮ." ಒಬ್ಬಳಿಗೆ ಲ್ಯಾಪ್‌ಟಾಪ್ ಇದ್ದಿದ್ದಕ್ಕೇ ಇಷ್ಟು ದಿನ ಕೆಲಸ ಉಳೀತು, ಇನ್ನೊಬ್ಬರಿಗೆ ಫೋನ್ ಬಂದಿದ್ದಕ್ಕೇ ಕೆಲಸ ಡಬಲ್ ಆಯ್ತು.

ಹಾಗಾದ್ರೆ ಡಿಜಿಟಲ್ ತಂತ್ರಜ್ಞಾನ ಬಂದಿದ್ದು ಹೆಂಗಸರ ದುಡಿಮೆಗೆ ಒಳ್ಳೇದಾಯ್ತಾ ಕೆಟ್ಟದಾಯ್ತಾ? ಈ ಪ್ರಶ್ನೆಗೆ ಒಂದೇ ಮಾತಲ್ಲಿ ಉತ್ತರ ಇಲ್ಲ. ತಂತ್ರಜ್ಞಾನ ಕೆಲಸಾನ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ತಂದಿಡತ್ತೆ, ಆಮೇಲೆ ಆ ಕೆಲಸ ಅವಳ ಕೈಗೆ ಬರತ್ತಾ ಇಲ್ವಾ ಅನ್ನೋದು ಮೂರು ವಿಷಯದ ಮೇಲೆ ನಿಂತಿದೆ: ಅವಳ ಹತ್ರ ಟೈಮ್ ಎಷ್ಟಿದೆ, ಫೋನ್ ಯಾರ ಹೆಸರಲ್ಲಿದೆ, ಆ ಸಿಸ್ಟಂನ ರೂಲ್ಸ್ ಬರೆಯೋರು ಯಾರು. ಒಂದೊಂದಾಗಿ ಬಿಡಿಸಿ ನೋಡೋಣ.

ಲೆಕ್ಕದಲ್ಲಿ "ದುಡಿಯೋರು" ಅಂದ್ರೆ ಯಾರು

ಪೇಪರಲ್ಲಿ "ಮಹಿಳಾ ಕಾರ್ಮಿಕ ಪಾಲ್ಗೊಳ್ಳುವಿಕೆ ದರ" ಅಂತ ಬರತ್ತಲ್ಲ, ಅದನ್ನ ಹೀಗೆ ಅರ್ಥ ಮಾಡ್ಕೊಳಿ. ಊರಿನ ಬಸ್ ಸ್ಟಾಂಡ್ ನೆನಪಿಸ್ಕೊಳಿ. ಬಸ್ ಒಳಗೆ ಕೂತಿರೋರು ಕೆಲಸದಲ್ಲಿರೋರು, ಸ್ಟಾಂಡಲ್ಲಿ ಬಸ್ಸಿಗೆ ಕಾಯ್ತಿರೋರು ಕೆಲಸ ಹುಡುಕ್ತಿರೋರು. ಇವರಿಬ್ಬರನ್ನೂ ಸೇರಿಸಿದ್ರೆ ಅದೇ ಕಾರ್ಮಿಕ ಬಲ. ಬಸ್ ಸ್ಟಾಂಡಿಗೇ ಬರದೆ ಮನೇಲಿರೋರು ಈ ಲೆಕ್ಕಕ್ಕೆ ಬರಲ್ಲ. ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಅಡುಗೆ, ಪಾತ್ರೆ, ಬಟ್ಟೆ ಅಂತ ಸವೆದು ಹೋದ್ರೂ ಬರಲ್ಲ.

ಕೇಂದ್ರ ಸರ್ಕಾರ ನಡೆಸೋ ಪಿಎಲ್‌ಎಫ್‌ಎಸ್ ಅನ್ನೋ ಸಮೀಕ್ಷೆ ಪ್ರಕಾರ 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ಈ ದರ 2017-18ರಲ್ಲಿ ಶೇ. 23.3 ಇತ್ತು, 2023-24ಕ್ಕೆ ಶೇ. 41.7ಕ್ಕೆ ಏರಿದೆ. ಗಂಡಸರದ್ದು ಶೇ. 78.8. ಹೆಂಗಸರ ಏರಿಕೆ ದೊಡ್ಡದೇ, ಆದ್ರೆ ಒಳಗೆ ಇಣುಕಿ ನೋಡಿದ್ರೆ ಹಳ್ಳಿಲಿ ಶೇ. 47.6, ಪಟ್ಟಣದಲ್ಲಿ ಬರೀ ಶೇ. 28. ಇಂಟರ್ನೆಟ್, ಆಫೀಸು, ಆ್ಯಪ್ ಎಲ್ಲ ಪಟ್ಟಣದಲ್ಲೇ ಜಾಸ್ತಿ ಇರೋದು, ಆದ್ರೂ ದುಡಿಯೋ ಹೆಂಗಸರ ಪಾಲು ಅಲ್ಲೇ ಕಮ್ಮಿ. ಜೊತೆಗೆ ಕೆಲಸದಲ್ಲಿದ್ದಾರೆ ಅಂತ ಲೆಕ್ಕಕ್ಕೆ ಬಂದ ಹೆಂಗಸರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು "ಸ್ವಂತ ಉದ್ಯೋಗ" ಅನ್ನೋ ಗುಂಪಿಗೆ ಸೇರ್ತಾರೆ. ಸ್ವಂತ ಉದ್ಯೋಗ ಅಂದ ತಕ್ಷಣ ಅಂಗಡಿ ಬೋರ್ಡ್ ಕಣ್ಮುಂದೆ ಬರತ್ತೆ, ಆದ್ರೆ ಗಂಡನ ಹೊಲದಲ್ಲಿ ಕಳೆ ಕೀಳೋದು, ಮನೆ ಹಸು ನೋಡ್ಕೊಳೋದು, ಕೈಗೆ ಒಂದು ರೂಪಾಯಿನೂ ಬರದೆ ಮನೆಯವರ ಅಂಗಡೀಲಿ ಕೂರೋದು, ಇದೂ ಅದರೊಳಗೇ ಬರತ್ತೆ. ಹಾಗಾಗಿ "ಫೋನ್ ಬಂತು, ಹೆಂಗಸರು ಕೆಲಸಕ್ಕೆ ಹೊರಟ್ರು" ಅಂತ ಆ ಒಂದು ನಂಬರ್ ನೋಡಿ ಹೇಳಕ್ಕಾಗಲ್ಲ.

ದಿನಕ್ಕಿರೋದು 24 ಗಂಟೆ

2024ರಲ್ಲಿ ದೇಶದಾದ್ಯಂತ ಸಮಯ ಬಳಕೆ ಸಮೀಕ್ಷೆ ಅಂತ ನಡೀತು. ಜನ ಬೆಳಗ್ಗೆಯಿಂದ ಮರುದಿನ ಬೆಳಗ್ಗೆವರೆಗೆ ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡ್ತಾರೆ ಅಂತ ಕೇಳಿ ಬರ್ಕೊಳೋ ಸಮೀಕ್ಷೆ ಅದು. ಸಂಬಳ ಇಲ್ಲದ ಮನೆಗೆಲಸ ಮಾಡೋರನ್ನಷ್ಟೇ ತಗೊಂಡ್ರೆ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ. ಅಂದ್ರೆ ಇವಳದ್ದು ಹತ್ತಿರ ಹತ್ತಿರ ಐದು ಗಂಟೆ, ಅವನದ್ದು ಒಂದೂವರೆ. ಅದೂ ಮನೆಗೆಲಸ ಮಾಡೋ ಗಂಡಸರೇ ಸುಮಾರು ನಾಲ್ಕರಲ್ಲಿ ಒಬ್ಬರು, ಉಳಿದ ಮೂವರು ಈ 88 ನಿಮಿಷದ ಲೆಕ್ಕದಲ್ಲೇ ಇಲ್ಲ.

ಡಿಜಿಟಲ್ ಅನುಕೂಲ ಮೊದಲು ತಟ್ಟೋದು ಇಲ್ಲೇ. ಕರೆಂಟ್ ಬಿಲ್ಲಿಗೆ ಕ್ಯೂ ಇಲ್ಲ, ಬ್ಯಾಂಕಿಗೆ ಅರ್ಧ ದಿನ ಹಾಳಿಲ್ಲ, ದುಡ್ಡು ಕಳಿಸಬೇಕಂದ್ರೆ 2016ರಲ್ಲಿ ಬಂದ ಯುಪಿಐ ಇದೆ. ಉಳಿದ ಆ ಒಂದು ಗಂಟೇಲಿ ಯಾರೋ ಒಬ್ಬರು ಬ್ಲೌಸ್ ಹೊಲೀತಾರೆ, ಇನ್ನೊಬ್ಬರು ಚಕ್ಲಿ ಕೋಡುಬಳೆ ಮಾಡಿ ವಾಟ್ಸಾಪ್ ಸ್ಟೇಟಸ್ ಹಾಕಿ ಮಾರ್ತಾರೆ. ಆದ್ರೆ ಅದೇ ಫೋನು ಹೊಸ ಕೆಲಸಾನೂ ತಂದಿದೆ, ಇದನ್ನ ಯಾರೂ ಅಷ್ಟಾಗಿ ಲೆಕ್ಕ ಇಡಲ್ಲ ಅಂತ ನನಗನ್ಸತ್ತೆ. ಸ್ಕೂಲ್ ಗ್ರೂಪಲ್ಲಿ ಹೋಂವರ್ಕ್ ನೋಡೋದು, ಗ್ಯಾಸ್ ಬುಕ್ ಮಾಡೋದು, ಮಾವನ ಮಾತ್ರೆ ಆರ್ಡರ್ ಮಾಡಿ ಡೆಲಿವರಿ ಹುಡುಗನಿಗೆ ದಾರಿ ಹೇಳೋದು, ನಾಳೆ ಮಗು ಹಳದಿ ಡ್ರೆಸ್ ಹಾಕ್ಕೊಂಡು ಬರಬೇಕು ಅನ್ನೋ ಮೆಸೇಜ್ ರಾತ್ರಿ ಒಂಬತ್ತಕ್ಕೆ ನೋಡಿ ಓಡಾಡೋದು. ಬಹಳ ಮನೆಗಳಲ್ಲಿ ಇದೆಲ್ಲ ಅಮ್ಮನ ಫೋನಿಗೇ ಬರೋದು.

ಫೋನ್ ಮನೇದಾ, ಅವಳದಾ

ನಮ್ಮ ಕಡೆ "ಮನೇಲಿ ಫೋನಿದೆ" ಅಂತಾರಲ್ಲ, ಅದಕ್ಕೂ "ಅವಳ ಹತ್ರ ಫೋನಿದೆ" ಅನ್ನೋದಕ್ಕೂ ಅಜಗಜಾಂತರ ವ್ಯತ್ಯಾಸ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ತಾನೇ ಬಳಸೋ ಫೋನ್ ಇದ್ದಿದ್ದು ಶೇ. 53.9 ಜನಕ್ಕೆ. ಒಂದು ಸಲ ಆದ್ರೂ ಇಂಟರ್ನೆಟ್ ಬಳಸಿದೀನಿ ಅಂದೋರು ಶೇ. 33.3, ಹಳ್ಳಿಲಿ ಶೇ. 24.6. ಆಮೇಲೆ ಪರಿಸ್ಥಿತಿ ಸುಧಾರಿಸಿದೆ ಅನ್ನೋದು ಸುತ್ತಮುತ್ತ ನೋಡಿದ್ರೇ ಗೊತ್ತಾಗತ್ತೆ, ಆದ್ರೂ ಸ್ಮಾರ್ಟ್‌ಫೋನ್ ಮನೆಗೆ ಬಂದಾಗ ಮೊದಲು ಗಂಡನಿಗೆ, ಆಮೇಲೆ ಮಗನಿಗೆ, ಅವರು ಹೊಸದು ತಗೊಂಡ ಮೇಲೆ ಗಾಜು ಒಡೆದ ಹಳೇದು ಅಮ್ಮನಿಗೆ, ಇದು ಇನ್ನೂ ನಡೀತಿದೆ.

ಕೆಲಸಕ್ಕೂ ಇದಕ್ಕೂ ಏನು ಸಂಬಂಧ ಅಂದ್ರೆ, ಈಗ ಕೆಲಸದ ಸುದ್ದಿ ಬರೋದೇ ಫೋನಲ್ಲಿ. ಸಂಘದ ಮೀಟಿಂಗ್, ಸಾಲದ ಮೆಸೇಜು, ಓಟಿಪಿ, ಎಲ್ಲಾ. ಓಟಿಪಿ ಗಂಡನ ನಂಬರಿಗೆ ಹೋಗತ್ತೆ ಅಂದ್ರೆ ಅವಳ ಖಾತೆಯ ಬೀಗದ ಕೈ ಅವನ ಜೇಬಲ್ಲಿದೆ ಅಂತ ಅರ್ಥ.

ಬೀಗದ ಕೈ ಅವಳ ಕೈಗೇ ಬಂದ್ರೆ ಏನಾಗತ್ತೆ? ಇದಕ್ಕೆ ಒಂದು ಒಳ್ಳೇ ಪುರಾವೆ ಇದೆ. ಮಧ್ಯಪ್ರದೇಶದಲ್ಲಿ ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ರು. ಉದ್ಯೋಗ ಖಾತ್ರಿ ಕೂಲಿನ ಮನೆ ಯಜಮಾನನ ಖಾತೆಗೆ ಹಾಕೋ ಬದಲು ಹೆಂಗಸರ ಸ್ವಂತ ಖಾತೆಗೇ ಹಾಕಿ, ಖಾತೆ ಬಳಸೋದು ಹೇಗೆ ಅಂತನೂ ಹೇಳಿಕೊಟ್ರು. ಆ ಹೆಂಗಸರು ಮುಂಚೆಗಿಂತ ಜಾಸ್ತಿ ಕೆಲಸಕ್ಕೆ ಹೋಗಕ್ಕೆ ಶುರು ಮಾಡಿದ್ರು, ಸರ್ಕಾರಿ ಕೆಲಸಕ್ಕಷ್ಟೇ ಅಲ್ಲ, ಖಾಸಗಿಯವರ ಹತ್ರಾನೂ. 2021ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಅನ್ನೋ ಪತ್ರಿಕೇಲಿ ಇದು ಪ್ರಕಟ ಆಯ್ತು. ಖಾತೆ ಇದೆ ಅಷ್ಟೇ ಸಾಲ್ದು, ದುಡ್ಡು ನೇರ ಅಲ್ಲಿಗೇ ಬರಬೇಕು, ತೆಗೆಯೋದು ಅವಳಿಗೇ ಗೊತ್ತಿರಬೇಕು, ಆಗಷ್ಟೇ ಬದಲಾವಣೆ ಆಗಿದ್ದು. ನಮ್ಮಲ್ಲಿ ಗೃಹಲಕ್ಷ್ಮಿ ಎರಡು ಸಾವಿರ ಮನೆ ಯಜಮಾನಿ ಖಾತೆಗೇ ಬರತ್ತೆ. ಅದು ಕೂಲಿ ಅಲ್ಲ, ಹಾಗಾಗಿ ಅದರಿಂದಲೂ ಇದೇ ಪರಿಣಾಮ ಆಗತ್ತೆ ಅಂತ ಹೇಳೋ ಹಾಗಿಲ್ಲ. ಆದ್ರೆ ಆ ನೆಪದಲ್ಲಾದ್ರೂ ಎಷ್ಟೋ ಜನ ಆಧಾರ್ ಲಿಂಕು, ಬ್ಯಾಂಕ್ ಮೆಸೇಜು ಇದೆಲ್ಲ ತಾವೇ ನೋಡ್ಕೊಳೋ ಹಾಗಾಗಿದ್ದನ್ನ ನಾನು ನಮ್ಮೂರಲ್ಲೇ ಕಂಡಿದೀನಿ.

ಕೆಲಸ ಮನೆಗೆ ಬಂದಾಗ

ಈಗ ಗೆಳತಿ ವಿಷಯ. ವರ್ಕ್ ಫ್ರಮ್ ಹೋಮ್ ಅವಳಿಗೆ ಕೊಟ್ಟಿದ್ದು ಮುಖ್ಯವಾಗಿ ದಿನಕ್ಕೆ ಮೂರು ಗಂಟೆ, ಜೊತೆಗೆ ಮಗು ಎದ್ದಾಗ ಪಕ್ಕದ ರೂಮಲ್ಲಿರೋ ಸಮಾಧಾನ. ಆದ್ರೆ ಆಫೀಸ್ ಕೆಲಸ ಮತ್ತೆ ಮನೆಗೆಲಸ ಎರಡೂ ಒಂದೇ ಗೋಡೆ ಒಳಗೆ ಬಂದಾಗ, ಒಂದಕ್ಕೆ ಬಾಗಿಲು ಹಾಕೋದು ಕಷ್ಟ. ಮೀಟಿಂಗ್ ನಡೀತಿರತ್ತೆ ಕುಕ್ಕರ್ ಕೂಗತ್ತೆ, "ಮನೇಲೇ ಇದೀಯಲ್ಲ" ಅನ್ನೋ ಒಂದು ಮಾತಲ್ಲಿ ಎಲ್ಲ ಕೆಲಸಾನೂ ಅವಳ ಮೇಲೇ ಬೀಳತ್ತೆ.

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಹೆಂಗಸರ ದುಡಿಮೆ ಬಗ್ಗೆನೇ ದಶಕಗಟ್ಟಲೆ ಅಧ್ಯಯನ ಮಾಡಿದೋರು. ಕೆಲವು ಕೆಲಸಗಳನ್ನ ಅವರು ದುರಾಸೆಯ ಕೆಲಸ ಅಂತ ಕರೀತಾರೆ, ನಮ್ಮ ಮಾತಲ್ಲಿ ಹೊಟ್ಟೆಬಾಕ ಕೆಲಸ ಅನ್ನಬಹುದು. ಹೊತ್ತುಗೊತ್ತಿಲ್ಲದೆ ಕರೆದಾಗ ಬರೋರಿಗೆ ಸಂಬಳ ಬಡ್ತಿ ಎರಡೂ ಸಿಕ್ಕಾಪಟ್ಟೆ ಜಾಸ್ತಿ, ಸಂಜೆ ಆರಕ್ಕೆ ಏಳಬೇಕು ಅನ್ನೋರಿಗೆ ಕಮ್ಮಿ. ಮಗು ಇರೋ ಮನೇಲಿ ಇಬ್ಬರೂ ಇಂಥ ಕೆಲಸ ಮಾಡಕ್ಕಾಗಲ್ಲ, ಒಬ್ಬರು ಹಿಂದೆ ಸರೀಬೇಕು, ಸರಿಯೋರು ಯಾರು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಇದನ್ನ ತಂತ್ರಜ್ಞಾನ ಬದಲಾಯಿಸಬಹುದಾ? ಒಂದು ಕಡೆ ಬದಲಾಯಿಸಿದೆ. ಗೋಲ್ಡಿನ್ ಮತ್ತೆ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಲಾರೆನ್ಸ್ ಕಾಟ್ಜ್ ಅಮೆರಿಕದ ಫಾರ್ಮಸಿಸ್ಟ್‌ಗಳ ಬಗ್ಗೆ ಬರೆದಿದ್ದಾರೆ, ಅಂದ್ರೆ ಔಷಧಿ ಅಂಗಡೀಲಿ ಚೀಟಿ ನೋಡಿ ಔಷಧಿ ಕೊಡೋ ತರಬೇತಿ ಪಡೆದೋರು. ಮೊದಲು ಅಲ್ಲಿ ಬಹಳಷ್ಟು ಚಿಕ್ಕ ಸ್ವಂತ ಅಂಗಡಿ ಇದ್ವು, ಗಿರಾಕಿಯ ಕಾಯಿಲೆ ಏನು ಯಾವ ಔಷಧಿ ಆಗಲ್ಲ ಅನ್ನೋದು ಆ ಒಬ್ಬ ಮನುಷ್ಯನ ತಲೇಲಿರ್ತಿತ್ತು, ಅವನು ಎದ್ದು ಹೋಗೋ ಹಾಗಿರಲಿಲ್ಲ. ಆಮೇಲೆ ದೊಡ್ಡ ಚೈನ್ ಅಂಗಡಿ, ಆಸ್ಪತ್ರೆ ಬಂದ್ವು, ಔಷಧಿ ರೆಡಿಮೇಡ್ ಆಯ್ತು, ಗಿರಾಕಿ ವಿವರ ಕಂಪ್ಯೂಟರಿಗೆ ಹೋಯ್ತು. ಈಗ ಬೆಳಗಿನವರು ಬಿಟ್ಟಿದ್ದನ್ನ ಮಧ್ಯಾಹ್ನದವರು ಹಾಗೇ ಮುಂದುವರಿಸಬಹುದು. ಹಾಗಾಗಿ ಕಮ್ಮಿ ಗಂಟೆ ಮಾಡಿದ್ರೂ ಗಂಟೆ ಲೆಕ್ಕದ ಸಂಬಳ ಇಳಿಯಲ್ಲ, ಹೆಣ್ಣು ಗಂಡಿನ ಸಂಬಳದ ಅಂತರಾನೂ ಆ ಕೆಲಸದಲ್ಲಿ ತುಂಬಾ ಕಮ್ಮಿ ಆಯ್ತು. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ ಕಂಪ್ಯೂಟರ್ ಆ ಕೆಲಸಾನ ಯಾರ ಮನೆಗೂ ಕಳಿಸಲಿಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಲೀಸಾಗಿ ದಾಟೋ ಹಾಗೆ ಮಾಡ್ತು. ಅದೇ ಕಂಪ್ಯೂಟರ್ ಇಟ್ಕೊಂಡು ರಾತ್ರಿ ಹನ್ನೊಂದಕ್ಕೂ ಮೆಸೇಜ್ ಹಾಕೋ ಆಫೀಸಲ್ಲಿ ಕೆಲಸದ ಹೊಟ್ಟೆ ಇನ್ನೂ ದೊಡ್ಡದಾಗತ್ತೆ.

ಆ್ಯಪ್ ಅನ್ನೋ ಮೇಸ್ತ್ರಿ

ಕಟ್ಟಡದ ಕೆಲಸಕ್ಕೆ ಮೇಸ್ತ್ರಿ ಇರ್ತಾನಲ್ಲ, ಯಾರಿಗೆ ಇವತ್ತು ಕೆಲಸ, ಎಲ್ಲಿ, ಎಷ್ಟು ಕೂಲಿ, ಎಲ್ಲ ಅವನೇ ತೀರ್ಮಾನ ಮಾಡೋದು. ಆ್ಯಪಲ್ಲಿ ಮೇಸ್ತ್ರಿ ಜಾಗಕ್ಕೆ ಸಾಫ್ಟ್‌ವೇರ್ ಬಂದಿದೆ. ಯಾರಿಗೆ ಆರ್ಡರ್ ಕೊಡಬೇಕು ಅಂತ ಅದರೊಳಗೆ ಬರೆದಿಟ್ಟಿರೋ ನಿಯಮಗಳ ಗಂಟನ್ನೇ ಅಲ್ಗಾರಿದಂ ಅನ್ನೋದು. ಹೀಗೆ ಒಂದೊಂದು ಆರ್ಡರ್ ಲೆಕ್ಕದಲ್ಲಿ ದುಡಿಯೋರು ಗಿಗ್ ಕಾರ್ಮಿಕರು. ನೀತಿ ಆಯೋಗದ 2022ರ ವರದಿ ಪ್ರಕಾರ 2020-21ರಲ್ಲಿ ದೇಶದಲ್ಲಿ ಇಂಥೋರು 77 ಲಕ್ಷ ಇದ್ರು, 2029-30ಕ್ಕೆ 2.35 ಕೋಟಿ ಆಗಬಹುದು ಅಂತ ಅಂದಾಜು.

ಬ್ಯೂಟಿ ಪಾರ್ಲರ್ ಕೆಲಸ, ಅಡುಗೆ, ಮನೆ ಕ್ಲೀನಿಂಗ್, ಇವಕ್ಕೆಲ್ಲ ಈಗ ಆ್ಯಪ್ ಇದೆ. ಪಾರ್ಲರಲ್ಲಿ ಓನರ್ ಹತ್ರ ತಿಂಗಳ ಸಂಬಳಕ್ಕೆ ದುಡೀತಿದ್ದ ಹುಡುಗಿ ತನ್ನ ಟೈಮಿಗೆ ತಾನೇ ಆರ್ಡರ್ ತಗೊಂಡು ಜಾಸ್ತಿ ದುಡಿಯೋ ದಾರಿ ಇದು, ಜಾಹೀರಾತಲ್ಲಿ ಹೇಳೋದು ಇಷ್ಟು. ಮಗು ಜ್ವರ ಅಂತ ಎರಡು ಆರ್ಡರ್ ಕ್ಯಾನ್ಸಲ್ ಮಾಡಿದ್ರೆ ರೇಟಿಂಗ್ ಬೀಳಬಹುದು, ರೇಟಿಂಗ್ ಬಿದ್ರೆ ಆರ್ಡರ್ ಕಮ್ಮಿ, ಇನ್ನೂ ಬಿದ್ರೆ ಐಡಿ ಬ್ಲಾಕ್. ಸಂಜೆ ಮೇಲಿನ ಆರ್ಡರ್ ಬೇಡ, ಗೊತ್ತಿಲ್ಲದ ಏರಿಯಾ ಬೇಡ ಅನ್ನೋದು ಅವಳ ಸುರಕ್ಷತೆ ಪ್ರಶ್ನೆ, ಸಾಫ್ಟ್‌ವೇರಿಗೆ ಮಾತ್ರ ಅದು ಬರೀ "ರಿಜೆಕ್ಟ್". ಮೇಸ್ತ್ರಿ ಆಗಿದ್ರೆ "ಅಣ್ಣಾ ಮಗೂಗೆ ಹುಷಾರಿಲ್ಲ" ಅಂತ ಒಂದು ಮಾತು ಹೇಳಬಹುದಿತ್ತು. ಆಮೇಲೆ ಸಣ್ಣ ವಿಷಯ ಅನ್ಸಬಹುದು ಆದ್ರೆ ಸಣ್ಣದಲ್ಲ, ಡೆಲಿವರಿ ಮಾಡೋ ಹೆಂಗಸರಿಗೆ ಇಡೀ ದಿನ ರೋಡಲ್ಲಿ ಟಾಯ್ಲೆಟ್ ಎಲ್ಲಿ? ಕೆಲವರು ನೀರು ಕುಡಿಯೋದನ್ನೇ ಕಮ್ಮಿ ಮಾಡ್ತಾರೆ.

ಕಾನೂನಿನ ಕಣ್ಣಲ್ಲಿ ಇವರು ಉದ್ಯೋಗಿಗಳಲ್ಲ, ಅದಕ್ಕೇ ಪಿಎಫ್, ಹೆರಿಗೆ ರಜೆ ಸಂಬಳ ಇವೆಲ್ಲ ತಾನಾಗೇ ಸಿಗಲ್ಲ. ಇದನ್ನ ಸ್ವಲ್ಪ ಸರಿ ಮಾಡಕ್ಕೆ 2023ರಲ್ಲಿ ರಾಜಸ್ಥಾನ, 2025ರಲ್ಲಿ ಕರ್ನಾಟಕ ಬೇರೆ ಕಾನೂನನ್ನೇ ಮಾಡಿದ್ವು. ಕರ್ನಾಟಕದ ಕಾನೂನಲ್ಲಿ ಕಾರ್ಮಿಕರಿಗೆ ಕೊಡೋ ಹಣದ ಶೇ. 1ರಿಂದ 5ರವರೆಗೆ ಕಂಪನಿ ಕ್ಷೇಮಾಭಿವೃದ್ಧಿ ಶುಲ್ಕ ಕಟ್ಟಬೇಕು, ಕೆಲಸದಿಂದ ತೆಗೆಯೋ ಮುಂಚೆ ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು, ರೇಟಿಂಗ್ ಥರದ ಸಿಸ್ಟಂ ತನ್ನ ಕೆಲಸದ ಮೇಲೆ ಹೇಗೆ ಪರಿಣಾಮ ಮಾಡತ್ತೆ ಅಂತ ತಿಳ್ಕೊಳೋ ಹಕ್ಕೂ ಇದೆ. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ 2020ರಲ್ಲೇ ಆಗಿದ್ರೂ ಜಾರಿಗೆ ಬಂದಿದ್ದು 2025ರ ನವೆಂಬರ್ 21ಕ್ಕೆ, ಗಿಗ್ ಕಾರ್ಮಿಕರು ಅನ್ನೋ ಹೆಸರು ಅದರಲ್ಲೂ ಇದೆ.

ಸರ್ವರ್ ಡೌನ್ ಆದ ದಿನದ ಕೂಲಿ

ಡಿಜಿಟಲ್ ಅಂದ್ರೆ ಬೆಂಗಳೂರಿನ ವಿಷಯ ಅಂದ್ಕೋಬೇಡಿ. ಉದ್ಯೋಗ ಖಾತ್ರಿ ಕೆಲಸದಲ್ಲಿ ದೇಶದ ಒಟ್ಟು ಮಾನವ ದಿನಗಳಲ್ಲಿ (ಒಬ್ಬರು ಒಂದು ದಿನ ಮಾಡಿದ ಕೆಲಸ ಅಂದ್ರೆ ಒಂದು ಮಾನವ ದಿನ) ಅರ್ಧಕ್ಕಿಂತ ಜಾಸ್ತಿ ಹೆಂಗಸರದ್ದೇ. 2023ರ ಜನವರಿಯಿಂದ ಆ ಕೆಲಸದ ಹಾಜರಾತಿಗೆ ಎನ್‌ಎಂಎಂಎಸ್ ಅನ್ನೋ ಆ್ಯಪ್ ಕಡ್ಡಾಯ ಆಯ್ತು, ದಿನಕ್ಕೆ ಎರಡು ಸಲ ಸ್ಥಳದಲ್ಲೇ ನಿಂತು ಫೋಟೋ. ಸುಳ್ಳು ಹಾಜರಿ ತಡೆಯಕ್ಕೆ ಅಂತ ತಂದಿದ್ದು, ಉದ್ದೇಶದಲ್ಲಿ ತಪ್ಪಿಲ್ಲ. ಆದ್ರೆ ಮುಂಚೆ ಬೆಳಗ್ಗೆ ಬೇಗ ಹೋಗಿ ತನ್ನ ಪಾಲಿನ ಮಣ್ಣು ತೆಗೆದು ಮನೆಗೆ ಬಂದು ಅಡುಗೆ ಮಾಡ್ತಿದ್ದೋಳು, ಈಗ ಎರಡನೇ ಫೋಟೋಗೋಸ್ಕರ ಬಿಸಿಲಲ್ಲಿ ಕಾಯ್ಬೇಕು ಅಥವಾ ಮತ್ತೆ ನಡ್ಕೊಂಡು ಬರ್ಬೇಕು. ನೆಟ್‌ವರ್ಕ್ ಇಲ್ಲ, ಫೋಟೋ ಅಪ್ಲೋಡ್ ಆಗಲಿಲ್ಲ ಅಂದ್ರೆ ಅಗೆದಿದ್ದು ಅಗೆದಂಗೇ ಇರತ್ತೆ, ಕೂಲಿ ಮಾತ್ರ ಬರಲ್ಲ. 2024ರ ಜನವರಿಯಿಂದ ಕೂಲಿ ಪಾವತಿನೂ ಆಧಾರ್ ಮೂಲಕನೇ ಅಂತಾಯ್ತು. ಆಧಾರಲ್ಲಿ ಲಕ್ಷ್ಮಮ್ಮ, ಜಾಬ್ ಕಾರ್ಡಲ್ಲಿ ಲಕ್ಷ್ಮೀ, ಒಂದ್ರಲ್ಲಿ ಅಪ್ಪನ ಹೆಸರು ಇನ್ನೊಂದ್ರಲ್ಲಿ ಗಂಡನ ಹೆಸರು, ಇಂಥ ವ್ಯತ್ಯಾಸ ಮದುವೆಯಾಗಿ ಊರು ಬದಲಾಯಿಸಿದ ಹೆಂಗಸರಿಗೇ ಜಾಸ್ತಿ. ಪಾತ್ರೆ ತಿಕ್ಕಿ ಕಳೆ ಕಿತ್ತು ಬೆರಳಿನ ಗೆರೆ ಸವೆದಿದ್ರೆ ಹೆಬ್ಬೆಟ್ಟೂ ತಗೊಳಲ್ಲ.

ಚಿಕ್ಕಮ್ಮನ ವಿಷಯಕ್ಕೆ ಬಂದ್ರೆ, ಅಂಗನವಾಡಿಗಳಿಗೆ 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂತು. ಯಾವ ಮಗು ಎಷ್ಟು ತೂಕ, ಎಷ್ಟು ಎತ್ತರ, ಊಟ ಕೊಟ್ರಾ, ಎಲ್ಲ ಅದರಲ್ಲಿ ತುಂಬಬೇಕು. ಅಪೌಷ್ಟಿಕ ಮಗೂನ ಬೇಗ ಗುರುತಿಸೋದಕ್ಕೆ ಇದು ನಿಜವಾಗ್ಲೂ ಉಪಯೋಗ ಆಗತ್ತೆ, ಚಿಕ್ಕಮ್ಮನೇ ಒಪ್ಕೋತಾರೆ. 2025ರಲ್ಲಿ ಇದರ ಜೊತೆಗೆ ಮನೆಗೆ ಕೊಡೋ ಆಹಾರಕ್ಕೆ ಫಲಾನುಭವಿ ಮುಖದ ಫೋಟೋ ಹೊಂದಿಸೋದು, ಓಟಿಪಿ ಕೇಳೋದು ಸೇರ್ತು. ಬಾಣಂತಿ ಬಾಗಿಲಲ್ಲಿ ನಿಂತಿರ್ತಾಳೆ, ಓಟಿಪಿ ಹೋಗಿರೋದು ಗಂಡನ ನಂಬರಿಗೆ, ಅವನು ಕೆಲಸಕ್ಕೆ ಹೋಗಿರ್ತಾನೆ. ಇವರು ಅವನಿಗೆ ಫೋನ್ ಮಾಡ್ಬೇಕು, ಅವನು ನಂಬರ್ ಹೇಳೋ ಹೊತ್ತಿಗೆ ಓಟಿಪಿ ಟೈಮ್ ಮುಗಿದಿರತ್ತೆ. ಇಷ್ಟಾದ್ರೂ ಇವರಿಗೆ ಬರೋದನ್ನ ಸಂಬಳ ಅನ್ನಲ್ಲ, ಗೌರವಧನ ಅಂತಾರೆ. ಆ್ಯಪ್ ಹೊಸದಾಗಿ ತಂದ ಕೆಲಸಕ್ಕೆ ಎಷ್ಟು ಗಂಟೆ ಹಿಡೀತು ಅಂತ ಆ್ಯಪಲ್ಲೇ ಎಲ್ಲೂ ಕಾಲಂ ಇಲ್ಲ, ನನಗೆ ಅತೀ ಬೇಜಾರಾಗೋದು ಇದೇ.

ಅದೇ ಊರಲ್ಲಿ ಇನ್ನೊಂದು ಮುಖಾನೂ ಇದೆ. ಸ್ವಸಹಾಯ ಸಂಘದ ಹೆಂಗಸರಲ್ಲಿ ಕೆಲವರು ಬಿಸಿ ಸಖಿ (ಬಿಸಿ ಅಂದ್ರೆ ಬಿಸಿನೆಸ್ ಕರೆಸ್ಪಾಂಡೆಂಟ್, ಬ್ಯಾಂಕಿನ ಪ್ರತಿನಿಧಿ) ಆಗಿದ್ದಾರೆ. ಬಿಸಿ ಸಖಿ ಅಂದ್ರೆ ನಡೆದಾಡೋ ಬ್ಯಾಂಕ್ ಅಂದ್ಕೊಳಿ. ಕೈಲೊಂದು ಹೆಬ್ಬೆಟ್ಟು ಒತ್ತೋ ಮಷೀನು, ಮನೆ ಹತ್ರನೇ ಪಿಂಚಣಿ ದುಡ್ಡು ತೆಗೆದು ಕೊಡ್ತಾರೆ, ಪ್ರತಿ ವ್ಯವಹಾರಕ್ಕೆ ಕಮಿಷನ್. ಇವರಿಗೆ ಹೊಸ ಕಸುಬು, ಊರಿನ ಅಜ್ಜಿಗೆ ಹೋಬಳಿ ಬ್ಯಾಂಕಿಗೆ ಹೋಗೋ ಬಸ್ ಖರ್ಚು ಉಳೀತು. ಇಲ್ಲಿ ಯಂತ್ರ ಅವಳ ಕೈಲಿದೆ, ಆ ಹಾಜರಾತಿ ಫೋಟೋದಲ್ಲಿ ಯಂತ್ರ ಅವಳ ಎದುರಿಗಿದೆ.

ಎಐ ಬಂತಲ್ಲ, ಅದು?

ಎಐ ಮೊದಲು ಮುಟ್ಟೋದು ಟೈಪಿಂಗ್, ಡೇಟಾ ಎಂಟ್ರಿ, ಗುಮಾಸ್ತೆ ಕೆಲಸಾನ, ಇಂಥ ಕೆಲಸದಲ್ಲಿ ಶ್ರೀಮಂತ ದೇಶಗಳಲ್ಲಿ ಹೆಂಗಸರೇ ಜಾಸ್ತಿ. ಅದಕ್ಕೇ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2025ರಲ್ಲಿ ಹೇಳಿದ್ದು, ಆ ದೇಶಗಳಲ್ಲಿ ಅತಿ ಹೆಚ್ಚು ಅಪಾಯದಲ್ಲಿರೋ ಕೆಲಸಗಳು ಹೆಂಗಸರ ಉದ್ಯೋಗದಲ್ಲಿ ಶೇ. 9.6, ಗಂಡಸರದ್ದರಲ್ಲಿ ಶೇ. 3.5 ಅಂತ.

ಇನ್ನೊಂದು ಅಪಾಯ ಕೆಲಸಕ್ಕೆ ಆರಿಸೋ ಹಂತದಲ್ಲಿ. ಅರ್ಜಿಗಳನ್ನ ಜರಡಿ ಹಿಡಿಯಕ್ಕೆ ಅಮೆಜಾನ್ ಒಂದು ಸಾಫ್ಟ್‌ವೇರ್ ಮಾಡಿತ್ತು, ಹಳೇ ಅರ್ಜಿಗಳನ್ನ ತೋರಿಸಿ ಕಲಿಸಿದ್ರು, ಅದರಲ್ಲಿ ಬಹುಪಾಲು ಗಂಡಸರದ್ದೇ. ಅದು "ಮಹಿಳಾ" ಅನ್ನೋ ಅರ್ಥದ ಪದ ಕಂಡ ಅರ್ಜಿಗೆ ಮಾರ್ಕ್ಸ್ ಕಮ್ಮಿ ಮಾಡಕ್ಕೆ ಶುರು ಮಾಡ್ತು, ಕಂಪನಿ ಆಮೇಲೆ ಅದನ್ನ ಕೈಬಿಡ್ತು, 2018ರಲ್ಲಿ ಈ ಸುದ್ದಿ ಹೊರಗೆ ಬಂತು. ಯಾರೂ ಬೇಕಂತ ಹಾಗೆ ಬರೆದಿರಲಿಲ್ಲ, ಹಳೇ ಅಭ್ಯಾಸಾನ ನೋಡಿ ಯಂತ್ರ ಕಲೀತು ಅಷ್ಟೇ.

ಆದ್ರೆ ಎಐಗೆ ಕನ್ನಡ ಕಲಿಸಕ್ಕೆ ಕನ್ನಡ ಮಾತಾಡೋರೇ ಬೇಕು. ಬೆಂಗಳೂರಿನ ಕಾರ್ಯ ಅನ್ನೋ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಜನರಿಂದ ಫೋನಲ್ಲಿ ಕನ್ನಡ ವಾಕ್ಯ ಓದಿಸಿ ರೆಕಾರ್ಡ್ ಮಾಡಿಸ್ತು, ಗಂಟೆಗೆ ಸುಮಾರು 5 ಡಾಲರ್, ಅಂದ್ರೆ 400 ರೂಪಾಯಿ ಆಸುಪಾಸು ಕೊಟ್ಟು. ಮನೇಲೇ ಕೂತು, ಕೆಲಸ ಮುಗಿದ ಮೇಲೆ ತನ್ನದೇ ಊರಿನ ಮಾತನ್ನ ಆಡಿ ದುಡಿಯೋದು. ಇಂಥ ಕೆಲಸ ತಿಂಗಳು ತಿಂಗಳು ಸಿಗಲ್ಲ, ಪ್ರಾಜೆಕ್ಟ್ ಮುಗಿದ್ರೆ ಮುಗೀತು, ಆದ್ರೂ ಹಳ್ಳಿ ಹೆಂಗಸಿನ ಉಚ್ಚಾರಣೆಗೆ ಬೆಲೆ ಬಂದಿದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ಗೆಳತಿಗೆ ನಾನು ಹೇಳಿದ್ದು

ಬಿಡೋ ಮುಂಚೆ ಎರಡು ವಿಷಯ ಕೇಳು ಅಂದೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾನೂನಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡ್ಕೊಂಡು ಬರಬಹುದು ಅಂತಿದೆ, ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ಕೆಲಸದ ಸ್ವರೂಪ ಒಪ್ಪೋ ಹಾಗಿದ್ರೆ, ಹೆರಿಗೆ ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡೋ ಬಗ್ಗೆ ಇಬ್ಬರೂ ಕೂತು ಮಾತಾಡ್ಕೋಬಹುದು ಅಂತನೂ ಇದೆ. ಅವಳ ರಜೆ ಮುಗಿದು ಬಹಳ ದಿನ ಆಯ್ತು, ಅದಕ್ಕೆ ಎರಡನೇದು ಸಿಗೋದು ಕಷ್ಟ, ಮೊದಲನೇದನ್ನ ಕೇಳೋದ್ರಲ್ಲಿ ತಪ್ಪೇನಿಲ್ಲ. ಅವಳ ಆಫೀಸಲ್ಲಿ ಸಾವಿರಾರು ಜನ ಇದ್ದಾರೆ, ಶಿಶುಪಾಲನಾ ಕೇಂದ್ರ ಎಲ್ಲಿದೆ ಅಂತ ಅವಳಿಗೇ ಗೊತ್ತಿರಲಿಲ್ಲ. ಶುಕ್ರವಾರ ಎಚ್‌ಆರ್‌ಗೆ ಮೇಲ್ ಹಾಕಿದಾಳೆ, ಅವಳ ಜೊತೆ ಇನ್ನೂ ಆರು ಜನ ತಾಯಂದಿರ ಹೆಸರಿದೆ ಅದರಲ್ಲಿ.